ತೊಲೆ ಜಗ್ಗುವ ಕಾಲ



ನನ್ನ ಅಜ್ಜನ ಮನೆ ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ನಡುಕೋಣೆಯ ಮೇಲೆ ಮುಚ್ಚಿಗೆ ಹೊಡೆದ ಅಟ್ಟ. ಆ ಅಟ್ಟವನ್ನು ಹೊತ್ತಿರುವುದು ಮೂರು ಹೆಬ್ಬಲಸಿನ ತೊಲೆಗಳು. ನಡುವಿನ ತೊಲೆ ನಾನು ಕಣ್ಣು ಬಿಟ್ಟಾಗಿನಿಂದಲೂ ಬಾಗಿಯೇ ಇತ್ತು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ದಿನ ಅಜ್ಜ ಅದರ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದರು. "ಹೋದ ವರ್ಷಕ್ಕಿಂತ ಜಗ್ಗಿದೆ" ಎನ್ನುತ್ತಿದ್ದರು. ಅಟ್ಟದ ಮೇಲಿನ ಹೊರೆ ಹೋದ ವರ್ಷದಷ್ಟೇ ಇರುತ್ತಿತ್ತು: ಇಪ್ಪತ್ತು ಚೀಲ ಚಾಲಿ ಅಡಿಕೆ. ಚೀಲಕ್ಕೆ 65 ಕಿಲೋ ಎಂದು ಹಿಡಿದರೆ 1300 ಕಿಲೋ. ತೊಲೆ ಅದೇ, ಹೊರೆ ಅಷ್ಟೇ. ಹಾಗಾದರೆ ಜಗ್ಗಿದ್ದು ಯಾತರಿಂದ?

ಎಂಜಿನಿಯರಿಂಗ್ ಓದುವಾಗ ಈ ಪ್ರಶ್ನೆಗೆ ಉತ್ತರ ಸಿಗುತ್ತದೆಂದು ಕಾದೆ. ಪಠ್ಯದಲ್ಲಿದ್ದ ಸೂತ್ರಕ್ಕೆ ಹೊರೆ, ಉದ್ದ, ಅಡ್ಡಗಾತ್ರ, ಯಂಗ್ ಗುಣಾಂಕ ಈ ನಾಲ್ಕು ಕೊಟ್ಟರೆ ಬಾಗು ಎಷ್ಟೆಂದು ಹೇಳುತ್ತಿತ್ತು. ಅದರಲ್ಲಿ ಕಾಲಕ್ಕೆ ಜಾಗವೇ ಇರಲಿಲ್ಲ. ಇವತ್ತು ಏರಿಸಿದ ಅಡಿಕೆಗೂ ಮೂವತ್ತು ವರ್ಷದಿಂದ ಕೂತ ಅಡಿಕೆಗೂ ಒಂದೇ ಉತ್ತರ. ಅಜ್ಜ ಕಂಡದ್ದು ನಿಜ, ಸೂತ್ರ ಹೇಳಿದ್ದು ಅರ್ಧ ನಿಜ. ಉಳಿದ ಅರ್ಧಕ್ಕೆ ಕ್ರೀಪ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಪಾರಿಭಾಷಿಕ ಪದ ಟಂಕಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅಜ್ಜನ ಜಗ್ಗು ನನಗೆ ಸಾಕು. ಹೊರೆ ಏರಿಸಿದ ಕ್ಷಣದಲ್ಲಿ ಆಗುವುದು ಬಾಗು. ಹೊರೆ ಬದಲಾಗದೆ ಕೂತಿರುವಾಗ ದಿನದಿನಕ್ಕೆ ಸೇರುತ್ತ ಹೋಗುವುದು ಜಗ್ಗು.

ನಮ್ಮ ಸೀಮೆಗೆ ಈ ವಿಷಯ ಹತ್ತಿರದ್ದು. ಅಡಿಕೆಯನ್ನು ಕೂಡಲೇ ಮಾರುವ ಪದ್ಧತಿ ನಮ್ಮಲ್ಲಿ ಎಲ್ಲರದ್ದೂ ಅಲ್ಲ. ಹೊಸ ಅಡಿಕೆಗೊಂದು ಧಾರಣೆ, ಹಳೆ ಅಡಿಕೆಗೊಂದು, ಇನ್ನೂ ಹಳೆಯದಾದ ಡಬಲ್ ಚೋಲ್‌ಗೆ ಇನ್ನೊಂದು. ಧಾರಣೆ ಏರಲೆಂದು ಒಂದು ವರ್ಷ, ಎರಡು ವರ್ಷ ಅಟ್ಟದಲ್ಲಿಟ್ಟು ಕಾಯುತ್ತೇವೆ. ಅಷ್ಟೂ ದಿನ ತೊಲೆ ಆ ಹೊರೆ ಹೊತ್ತು ಜಗ್ಗುತ್ತಲೇ ಇರುತ್ತದೆ. ಮದುವೆಗೆ ಬಂದ ನೂರು ಜನ ಅಟ್ಟದ ಮೇಲೆ ಒಂದು ಗಳಿಗೆ ನಿಂತು ಇಳಿದರೆ ತೊಲೆ ಬಾಗಿ ಮತ್ತೆ ನೇರವಾಗುತ್ತದೆ. ಕದಲದೆ ಕೂತ ಅಡಿಕೆ ಚೀಲದ ಸಂಗತಿ ಬೇರೆ.

ಮೊದಲು ಕಾಂಕ್ರೀಟಿನ ಮಾತಾಡೋಣ, ಈಗ ಕಟ್ಟುವ ಮನೆಗಳೆಲ್ಲ ಅದರವೇ. ಗಟ್ಟಿಯಾದ ಸಿಮೆಂಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿವೆ, ಅವುಗಳ ನಡುವೆ ನೀರಿದೆ. ಸತತ ಒತ್ತಡದಲ್ಲಿ ಆ ಪದರಗಳು ಒಂದರ ಮೇಲೊಂದು ನಿಧಾನವಾಗಿ ಜಾರುತ್ತವೆ. ಕಾಂಕ್ರೀಟಿನ ಈ ಜಗ್ಗನ್ನು ಕೆಲಸದ ಜಾಗದಲ್ಲೇ ಮನಗಂಡವರಲ್ಲಿ ಫ್ರಾನ್ಸಿನ ಯೂಜೀನ್ ಫ್ರೆಸಿನೆ ಮುಖ್ಯರು. 1911ರ ಸುಮಾರಿಗೆ ಲ ವ್ಯುರ್ದ್ರ ಎಂಬಲ್ಲಿ ಅಲಿಯೇ ನದಿಗೆ ಅವರು ಕಟ್ಟಿದ ಕಮಾನು ಸೇತುವೆಯ ನೆತ್ತಿ ತಿಂಗಳು ತಿಂಗಳಿಗೂ ಇಳಿಯತೊಡಗಿತು. ಆಗಿನ ನಂಬಿಕೆಯ ಪ್ರಕಾರ ಕಾಂಕ್ರೀಟ್ ಹಾಗೆ ಮಾಡಬಾರದು. ಫ್ರೆಸಿನೆ ರಾತ್ರಿ ಹೊತ್ತು ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಹೋಗಿ, ಕಮಾನಿನ ನೆತ್ತಿಯಲ್ಲಿ ಜಾಕಿ ಕೊಟ್ಟು ಎತ್ತಿ ಸೇತುವೆಯನ್ನು ಉಳಿಸಿದರು. ಅಲ್ಲಿ ಕಲಿತ ಪಾಠವೇ ಅವರನ್ನು ಉಕ್ಕಿನ ತಂತಿಗಳನ್ನು ಮೊದಲೇ ಎಳೆದು ಬಿಗಿಯುವ ಪ್ರಿಸ್ಟ್ರೆಸ್ಡ್ ಕಾಂಕ್ರೀಟಿಗೆ ಒಯ್ದಿತು. 1928ರಲ್ಲಿ ಅದರ ಪೇಟೆಂಟ್ ಪಡೆದರು.

ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಇದಕ್ಕೊಂದು ಅಂಕ ಕೊಡುತ್ತದೆ: ಕ್ರೀಪ್ ಗುಣಾಂಕ. ಏಳನೇ ದಿನಕ್ಕೆ ಹೊರೆ ಹೊರಿಸಿದರೆ 2.2, ಇಪ್ಪತ್ತೆಂಟನೇ ದಿನಕ್ಕೆ 1.6, ಒಂದು ವರ್ಷ ಕಾದು ಹೊರಿಸಿದರೆ 1.1. ಮೊದಲ ದಿನದ ಬಾಗು ಒಂದು ಎಂದಾದರೆ ಜಗ್ಗು ಅದರ 2.2 ಪಟ್ಟು, 1.6 ಪಟ್ಟು ಅಥವಾ 1.1 ಪಟ್ಟು ಸೇರಿಕೊಳ್ಳುತ್ತದೆ ಎಂದು ಇದರ ಅರ್ಥ. ಹೊರೆ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಎಳೆಯ ಕಾಂಕ್ರೀಟಿನ ಮೇಲೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಒಂದು ಬೀಮು ತೆಗೆದುಕೊಳ್ಳೋಣ. ಸ್ಪ್ಯಾನ್ 5 ಮೀಟರ್, ಅಗಲ 230 ಮಿ.ಮೀ., ಎತ್ತರ 450 ಮಿ.ಮೀ., ಎಂ 20 ಕಾಂಕ್ರೀಟ್, ಎರಡು ತುದಿಗೂ ಗೋಡೆಯ ಆಧಾರ. ಮೇಲಿನ ಗೋಡೆ, ಸ್ಲ್ಯಾಬ್ ಎಲ್ಲ ಸೇರಿ ಮೀಟರಿಗೆ 20 ಕಿಲೋನ್ಯೂಟನ್ ಸತತ ಹೊರೆ. ಯಂಗ್ ಗುಣಾಂಕ ಚದರ ಮಿ.ಮೀ.ಗೆ ಸುಮಾರು 22,360 ನ್ಯೂಟನ್. ಪಠ್ಯದ ಸೂತ್ರದಲ್ಲಿ ಮಧ್ಯದ ಬಾಗು 4.2 ಮಿ.ಮೀ. ಬರುತ್ತದೆ. ಇಪ್ಪತ್ತೆಂಟು ದಿನ ಕಾದಿದ್ದರೆ ಆ ಯಂಗ್ ಗುಣಾಂಕವನ್ನು 1 ಮತ್ತು 1.6 ಸೇರಿದ 2.6ರಿಂದ ಭಾಗಿಸಬೇಕು. ಆಗ ಬಾಗು, ಜಗ್ಗು ಸೇರಿ 10.8. ಏಳನೇ ದಿನಕ್ಕೇ ಹೊರಿಸಿದ್ದರೆ 3.2ರಿಂದ ಭಾಗಿಸಬೇಕು, ಆಗ 13.3. ಸಂಹಿತೆ ಒಪ್ಪುವ ಮಿತಿ ಸ್ಪ್ಯಾನಿನ 250ನೇ ಒಂದು ಪಾಲು, ಇಲ್ಲಿ 20 ಮಿ.ಮೀ. ಮಿತಿಯೊಳಗೇ ಇದೆಯಲ್ಲ ಎಂದು ನೆಮ್ಮದಿಪಡುವ ಮೊದಲು ಇನ್ನೊಂದು ಲೆಕ್ಕ ನೋಡಬೇಕು. ಈ ಬೀಮಿನ ಕೆಳಬದಿ ಬಿರುಕು ಬಿಡಲು ಸುಮಾರು 24 ಕಿಲೋನ್ಯೂಟನ್ ಮೀಟರ್ ಬಾಗುಬಲ ಸಾಕು. ನಮ್ಮ ಹೊರೆ ತರುವುದು 62.5. ಬಿರುಕು ಬಿಟ್ಟೇ ಬಿಡುತ್ತದೆ. ಬಿರುಕು ಬಿಟ್ಟ ಬೀಮಿನ ಬಿಗುವು ಕಡಿಮೆಯಾಗುತ್ತದೆ, ಒಣಗುವ ಕಾಂಕ್ರೀಟಿನ ಕುಗ್ಗು ಅದಕ್ಕೆ ಸೇರುತ್ತದೆ. ಬೀಮು ಬಿದ್ದು ಹೋಗುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ಕೆಳಗಿನ ಕಿಟಕಿಯ ಬಾಗಿಲು ಬಿಗಿಯಾಗುತ್ತದೆ, ಮೇಲಿನ ಗೋಡೆಯ ಗಾರೆ ಓರೆಯಾಗಿ ಸೀಳುತ್ತದೆ, ತಾರಸಿಯಲ್ಲಿ ನೀರು ನಿಲ್ಲುತ್ತದೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸುಳ್ಯ, ಕಡಬದಲ್ಲಿ ನಿಂತ ನೀರು ಮನೆಯೊಳಗೆ ದಾರಿ ಹುಡುಕದೆ ಬಿಡುವುದಿಲ್ಲ.

ಇದು ನನ್ನ ಮನೆಯಲ್ಲೇ ಆಗಿದೆ. ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಸ್ಲ್ಯಾಬ್ ಮುಗಿಯಬೇಕು, ಆಮೇಲೆ ಮಳೆ ಹಿಡಿಯುತ್ತದೆ ಎನ್ನುವ ಅವಸರ ನಮ್ಮ ಕಡೆ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ಸೆಂಟ್ರಿಂಗ್ ಸಾಮಾನು ಇನ್ನೊಂದು ಕೆಲಸಕ್ಕೆ ಬೇಕೆಂದು ಪೋರ್ಟಿಕೋ ಬೀಮಿನ ಆಧಾರವನ್ನು ಎಂಟನೇ ದಿನ ಬಿಚ್ಚಿದರು. ನಾನು ಊರಲ್ಲಿರಲಿಲ್ಲ. ಮೂರನೇ ವರ್ಷದಲ್ಲಿ ಆ ಬೀಮಿನ ಮೇಲಿನ ಗೋಡೆ ಬಿರುಕು ಬಿಟ್ಟಿತು. ಬೀಮಿನ ಸ್ಪ್ಯಾನ್ 6 ಮೀಟರ್‌ವರೆಗಿದ್ದರೆ 14 ದಿನ, ಅದಕ್ಕೂ ಹೆಚ್ಚಿದ್ದರೆ 21 ದಿನ ಆಧಾರ ತೆಗೆಯಬಾರದು ಎಂದು ಅದೇ ಐಎಸ್ 456 ಹೇಳುತ್ತದೆ. ಅದೂ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ, ಅದಕ್ಕೆ ಇನ್ನಷ್ಟು ದಿನ ಬೇಕು. ಮೇಸ್ತ್ರಿಗಳಲ್ಲಿ ನನ್ನ ವಿನಂತಿ: ಆ ಒಂದು ವಾರದ ಬಾಡಿಗೆಯನ್ನು ಮನೆಯವರಿಂದಲೇ ಕೇಳಿ ಪಡೆಯಿರಿ, ಆಧಾರ ಮಾತ್ರ ಬಿಚ್ಚಬೇಡಿ. ಇನ್ನೊಂದು ಅಗ್ಗದ ಉಪಾಯವಿದೆ. ಬೀಮಿನ ನಡುಭಾಗದಲ್ಲಿ ಒತ್ತಡ ಬೀಳುವುದು ಮೇಲ್ಬದಿಗೆ, ಜಗ್ಗಿನ ಮೂಲವೂ ಅಲ್ಲಿನ ಕಾಂಕ್ರೀಟೇ. ಅಲ್ಲಿ ಹೆಸರಿಗೆ ಎರಡು ಸಣ್ಣ ಸರಳು ಹಾಕುವ ಬದಲು ದಪ್ಪ ಸರಳು ಹಾಕಿದರೆ ವರ್ಷಗಳು ಕಳೆದಂತೆ ಕಾಂಕ್ರೀಟ್ ಬಿಟ್ಟುಕೊಟ್ಟ ಹೊರೆಯನ್ನು ಕಬ್ಬಿಣ ಹಿಡಿದುಕೊಳ್ಳುತ್ತದೆ, ಜಗ್ಗು ಕಡಿಮೆಯಾಗುತ್ತದೆ.

ಇನ್ನು ಕಂಪ್ಯೂಟರಿನ ಲೆಕ್ಕ, ಅಂದರೆ ಫೈನೈಟ್ ಎಲಿಮೆಂಟ್ ವಿಧಾನ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ಪುತ್ತೂರಿನಲ್ಲಿ 2001ರಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಬಂತು. ಫೈನೈಟ್ ಎಲಿಮೆಂಟ್ ವಿಧಾನ ಕಲಿಯಲು ನಮ್ಮ ಮಕ್ಕಳು ಈಗ ದೂರದ ಊರಿಗೆ ಹೋಗಬೇಕಾಗಿಲ್ಲ. ವಿಧಾನದ ತಿರುಳನ್ನು ಹೊರಗಿನವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಇಡೀ ಬೀಮಿನ ನಡತೆಯನ್ನು ಒಂದೇ ಏಟಿಗೆ ಹೇಳುವುದು ಕಷ್ಟ, ಸಣ್ಣ ತುಂಡಿನ ನಡತೆ ಹೇಳುವುದು ಸುಲಭ. ಐದು ಮೀಟರ್ ಬೀಮನ್ನು ಹತ್ತು ತುಂಡು ಮಾಡಿದರೆ ಹನ್ನೊಂದು ಗಂಟುಗಳು. ಪ್ರತಿ ಗಂಟಿಗೆ ಎಷ್ಟು ಇಳಿಯಿತು, ಎಷ್ಟು ಓರೆಯಾಯಿತು ಎಂಬ ಎರಡು ಅಜ್ಞಾತಗಳು, ಒಟ್ಟು 22. ತುದಿಯ ಎರಡು ಗಂಟು ಇಳಿಯುವುದಿಲ್ಲ, ಉಳಿದದ್ದು 20. ಇಪ್ಪತ್ತು ಸಮೀಕರಣ ಬಿಡಿಸಿದರೆ ಉತ್ತರ. ಈ ವಿಧಾನಕ್ಕೆ ಇಂದಿನ ಹೆಸರನ್ನು 1960ರಲ್ಲಿ ಅಮೆರಿಕದ ರೇ ಕ್ಲಫ್ ಕೊಟ್ಟರು.

ವಿದ್ಯಾರ್ಥಿಗಳೇ, ನೀವು ಸಾಫ್ಟ್‌ವೇರಿನಲ್ಲಿ ಬೀಮು ಬಿಡಿಸಿ, ಹೊರೆ ಕೊಟ್ಟು, ಗುಂಡಿ ಒತ್ತಿದಾಗ ತೆರೆಯ ಮೇಲೆ ಬಣ್ಣಬಣ್ಣವಾಗಿ ಬರುವ ಉತ್ತರ ಮೊದಲ ದಿನದ್ದು. ನೀವಾಗಿ ಕೇಳದಿದ್ದರೆ ಯಂತ್ರ ಮೂವತ್ತನೇ ವರ್ಷದ ಸುದ್ದಿ ಹೇಳುವುದಿಲ್ಲ. ಪ್ರಾಜೆಕ್ಟ್ ವರದಿಗಳನ್ನು ನೋಡುತ್ತ ಬಂದವನು ನಾನು. ತುಂಡುಗಳನ್ನು ಹತ್ತರಿಂದ ಸಾವಿರಕ್ಕೆ ಏರಿಸಿ ಉತ್ತರವನ್ನು ದಶಾಂಶದ ನಾಲ್ಕನೇ ಸ್ಥಾನದವರೆಗೆ ಬರೆಯುವವರನ್ನು ಕಂಡಿದ್ದೇನೆ. ಕಾಲವನ್ನು ಬಿಟ್ಟ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ. ನಾಲ್ಕನೇ ದಶಾಂಶಕ್ಕೆ ಅಲ್ಲಿ ಏನು ಬೆಲೆ?

ಕಾಲವನ್ನು ಲೆಕ್ಕಕ್ಕೆ ತರಲು ಎರಡು ದಾರಿ. ಒಂದನ್ನು ಆಗಲೇ ಹೇಳಿದೆ: ಯಂಗ್ ಗುಣಾಂಕವನ್ನು ಇಳಿಸಿ ಒಮ್ಮೆ ಬಿಡಿಸುವುದು. ಮನೆಯ ಬೀಮಿಗೆ ಇದು ಸಾಕು. ಎರಡನೆಯದು ಕಾಲವನ್ನೂ ಬೀಮಿನ ಹಾಗೆ ತುಂಡು ಮಾಡುವುದು. ಪ್ರತಿ ಹೆಜ್ಜೆಯಲ್ಲಿ ಪ್ರತಿ ತುಂಡಿನ ಒತ್ತಡ ನೋಡಿ, ಆ ಅವಧಿಯಲ್ಲಿ ಅದು ಎಷ್ಟು ಜಗ್ಗಬೇಕೆಂದು ಎಣಿಸಿ, ಆ ಜಗ್ಗನ್ನು ಒಂದು ಹೊರೆಯಾಗಿ ಪರಿವರ್ತಿಸಿ ಮತ್ತೆ ಬಿಡಿಸಬೇಕು. ಹೆಜ್ಜೆಗಳು ಸಮನಾಗಿರಬೇಕಾಗಿಲ್ಲ. ಜಗ್ಗು ಮೊದಮೊದಲು ಬೇಗ, ಆಮೇಲೆ ನಿಧಾನ. ಒಂದು ದಿನ, ಎರಡು, ನಾಲ್ಕು, ಎಂಟು ಎಂದು ಹೆಜ್ಜೆಯ ಗಡುವನ್ನು ಇಮ್ಮಡಿಸುತ್ತ ಹೋದರೆ ಹದಿನಾಲ್ಕು ಸಲಕ್ಕೆ ಮೂವತ್ತು ವರ್ಷ ದಾಟುತ್ತದೆ.

ಇಲ್ಲಿ ತೊಡಕು ಒಂದಿದೆ. ಇಂದಿನ ಜಗ್ಗು ಇಂದಿನ ಹೊರೆಯನ್ನು ಮಾತ್ರ ನೋಡುವುದಿಲ್ಲ, ಹಿಂದೆ ಯಾವಾಗ ಎಷ್ಟು ಹೊತ್ತಿತ್ತು ಎನ್ನುವುದನ್ನೂ ನೆನಪಿಟ್ಟುಕೊಳ್ಳುತ್ತದೆ. ಭೌತವಿಜ್ಞಾನಿ ಬೋಲ್ಟ್ಸ್‌ಮನ್ 1874ರಲ್ಲೇ ಈ ನೆನಪಿಗೆ ಗಣಿತ ಕೊಟ್ಟರು. ಸಾವಿರ ತುಂಡಿನ ಪೂರ್ತಿ ಚರಿತ್ರೆಯನ್ನು ಕಂಪ್ಯೂಟರಿನಲ್ಲಿ ಹೊತ್ತುಕೊಂಡು ಹೋಗುವುದು ದುಬಾರಿ. ಅದಕ್ಕಾಗಿ ಪ್ರತಿ ತುಂಡಿನೊಳಗೆ ಒಂದು ಸಾಲು ಸ್ಪ್ರಿಂಗುಗಳು, ಅವುಗಳ ಜೊತೆಗೆ ಆಫೀಸಿನ ಬಾಗಿಲಿಗೆ ಹಾಕುವ ಡೋರ್ ಕ್ಲೋಸರಿನಂಥ ತಡೆಗಳು ಇವೆಯೆಂದು ಕಲ್ಪಿಸುತ್ತಾರೆ. ಒಂದು ತಡೆ ದಿನದಲ್ಲಿ ಸಡಿಲುತ್ತದೆ, ಇನ್ನೊಂದು ತಿಂಗಳಲ್ಲಿ, ಮತ್ತೊಂದು ಹತ್ತು ವರ್ಷದಲ್ಲಿ. ಪ್ರತಿಯೊಂದರ ಈಗಿನ ಸ್ಥಿತಿ ಗೊತ್ತಿದ್ದರೆ ಚರಿತ್ರೆಯ ಉಳಿದ ಪುಟಗಳನ್ನು ಮರೆಯಬಹುದು.

ಒಂದು ಎಚ್ಚರಿಕೆ. ಕ್ರೀಪ್ ಎಂದೊಡನೆ ಸಾಫ್ಟ್‌ವೇರ್ ಹೆಚ್ಚಾಗಿ ಮುಂದಿಡುವುದು ನಾರ್ಟನ್ ನಿಯಮವನ್ನು. ಅದು ಕುಲುಮೆ, ಬಾಯ್ಲರ್, ಟರ್ಬೈನುಗಳಲ್ಲಿ ಕಾದ ಲೋಹಕ್ಕೆ ಸೇರಿದ್ದು. ಅದರಲ್ಲಿ ಒತ್ತಡದ ಘಾತ 5 ಎಂದಿದ್ದರೆ ಒತ್ತಡ ಇಮ್ಮಡಿಯಾದಾಗ ಜಗ್ಗಿನ ವೇಗ 32 ಪಟ್ಟಾಗುತ್ತದೆ. ಕಾಂಕ್ರೀಟಿನಲ್ಲಿ, ಅದರ ಬಲದ ಸುಮಾರು ಶೇ. 40ರವರೆಗಿನ ಒತ್ತಡಕ್ಕೆ, ಹೊರೆ ಇಮ್ಮಡಿಯಾದರೆ ಜಗ್ಗೂ ಇಮ್ಮಡಿ ಅಷ್ಟೇ. ಗ್ರಾಫು ಎರಡರದ್ದೂ ಏರುತ್ತಲೇ ಕಾಣುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ.

ತಪ್ಪು ಮಾದರಿಯ ಬೆಲೆ ಎಷ್ಟೆಂದು ತಿಳಿಯಲು ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಿಗೆ ಹೋಗಬೇಕು. 1977ರಲ್ಲಿ ಕೊರೋರ್ ಮತ್ತು ಬಾಬೆಲ್ದಾಬ್ ನಡುವೆ 241 ಮೀಟರ್ ಸ್ಪ್ಯಾನಿನ ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಸೇತುವೆ ಕಟ್ಟಿದರು, ಆ ಬಗೆಯಲ್ಲಿ ಆಗ ಜಗತ್ತಿನಲ್ಲೇ ದೊಡ್ಡದು. ಹದಿನೆಂಟು ವರ್ಷದಲ್ಲಿ ಅದರ ನಡು ಸುಮಾರು 1.6 ಮೀಟರ್ ಇಳಿಯಿತು. ವಿನ್ಯಾಸ ಮಾಡಿದವರು ಎಣಿಸಿದ್ದಕ್ಕಿಂತ ಅದು ಬಹಳ ಹೆಚ್ಚು. 1996ರಲ್ಲಿ ದುರಸ್ತಿ ಮಾಡಿದರು. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ 26ರಂದು, ಸೇತುವೆ ಕುಸಿದು ಇಬ್ಬರು ಸತ್ತರು. ವರ್ಷಗಳ ನಂತರ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜ್ಡೆನೆಕ್ ಬಜಾಂಟ್ ಮತ್ತು ಸಂಗಡಿಗರು ದಾಖಲೆಗಳನ್ನು ಪಡೆದು ಮೂರು ಆಯಾಮದ ಫೈನೈಟ್ ಎಲಿಮೆಂಟ್ ಲೆಕ್ಕ ಮಾಡಿದರು. ದಪ್ಪ ಗೋಡೆ ನಿಧಾನ ಒಣಗುತ್ತದೆ, ತೆಳು ಗೋಡೆ ಬೇಗ. ಇದನ್ನೂ, ಕಾಲ ಕಳೆದಂತೆ ಜಗ್ಗು ನಿಂತೇ ಬಿಡುತ್ತದೆಂಬ ಊಹೆಯ ತಪ್ಪನ್ನೂ ಸರಿಪಡಿಸಿದಾಗ ಲೆಕ್ಕ ಅಳತೆಗೆ ಹೊಂದಿತು.

ಸುಳ್ಯದವರಿಗೆ ತೂಗುಸೇತುವೆಯ ನೆನಪಾಗಿರಬೇಕು. ಅರಂಬೂರಿನಲ್ಲಿ ಪಯಸ್ವಿನಿಗೆ 1989ರಲ್ಲಿ ಗಿರೀಶ್ ಭಾರದ್ವಾಜರು ಕಟ್ಟಿದ್ದು ಅವರ ಮೊದಲನೆಯದು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅಂಥ ಸೇತುವೆಯ ಹೊಸ ತಂತಿಹಗ್ಗ ಮೊದಲ ಹೊರೆಗೆ ಸ್ವಲ್ಪ ಉದ್ದವಾಗುತ್ತದೆ. ಎಳೆಗಳು ಒಂದಕ್ಕೊಂದು ಒತ್ತಿ ಕೂರುವುದರಿಂದ ಆಗುವ ಬದಲಾವಣೆ ಅದು, ಅದನ್ನು ಕ್ರೀಪ್ ಎನ್ನಬಾರದು. ನಮ್ಮ ಊರಿನ ಬಿಸಿಲಿಗೆ ಉಕ್ಕು ಜಗ್ಗುವುದಿಲ್ಲ ಎಂದೇ ಹೇಳಬಹುದು. ವಸ್ತು ಯಾವುದು ಎಂದು ಮೊದಲು ಕೇಳಬೇಕು, ಸೂತ್ರ ಆಮೇಲೆ.

ಈಗ ಅಜ್ಜನ ತೊಲೆಗೆ ಮರಳುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಮರದ ಜಗ್ಗಿಗೆ ಕಾಂಕ್ರೀಟಿನ ಗಡಿಯಾರ ನಡೆಯುವುದಿಲ್ಲ. 1960ರಲ್ಲಿ ಆಸ್ಟ್ರೇಲಿಯದ ಆರ್ಮ್‌ಸ್ಟ್ರಾಂಗ್ ಮತ್ತು ಕಿಂಗ್‌ಸ್ಟನ್ ಒಂದು ವಿಚಿತ್ರವನ್ನು ಪ್ರಕಟಿಸಿದರು. ಹೊರೆ ಹೊತ್ತ ಮರವನ್ನು ಒಂದೇ ತೇವದಲ್ಲಿ ಇಟ್ಟರೆ ಜಗ್ಗು ಸಾಧಾರಣ. ಹೊರೆ ಹೊತ್ತಿರುವಾಗಲೇ ತೇವ ಏರಿ ಇಳಿಯುವಂತೆ ಮಾಡಿದರೆ ಜಗ್ಗು ಎಷ್ಟೋ ಪಟ್ಟು ಹೆಚ್ಚುತ್ತದೆ. ಒದ್ದೆಯಾದಾಗ ಮಾತ್ರ ಎಂದುಕೊಳ್ಳಬೇಡಿ, ಒಣಗುವಾಗಲೂ ಜಗ್ಗುತ್ತದೆ. ಮರಕ್ಕೆ ಪೆಟ್ಟು ಬೀಳುವುದು ತೇವದ ಬದಲಾವಣೆಯಿಂದ.

ನಮ್ಮ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂಗಳದಲ್ಲಿ ಒಣಗಿದ ಅಡಿಕೆ ಅಟ್ಟ ಏರುವುದು ಮಳೆಗೆ ಮೊದಲು. ಹೊರೆ ಕೂತ ಕೂಡಲೇ ಮಳೆ ಹಿಡಿಯುತ್ತದೆ. ಗಾಳಿಯ ತೇವ ಶೇ. 65 ಇದ್ದಾಗ ಮರದೊಳಗಿನ ನೀರು ಸುಮಾರು ಶೇ. 12, ಗಾಳಿ ಶೇ. 90ಕ್ಕೆ ಏರಿ ಅಲ್ಲೇ ನಿಂತರೆ ಮರ ಸುಮಾರು ಶೇ. 20ಕ್ಕೆ ಬರುತ್ತದೆ. ದೊಡ್ಡ ತೊಲೆಯ ತಿರುಳಿನವರೆಗೆ ಅಷ್ಟೂ ಮುಟ್ಟದೆ ಇರಬಹುದು, ಮೈಗಂತೂ ಮುಟ್ಟುತ್ತದೆ. ವರ್ಷಕ್ಕೆ ಎಂಟು ಮೇಲೆ, ಎಂಟು ಕೆಳಗೆ. ಐವತ್ತು ಮಳೆಗಾಲ ಕಂಡ ತೊಲೆಯ ಹೊರಮೈ ಹೀಗೆ ಒಟ್ಟು 800 ಅಂಶದಷ್ಟು ಏರಿಳಿದಿರುತ್ತದೆ, ಅದೂ ಹೊರೆಯ ಕೆಳಗೆ. ಆ ತೊಲೆಯ ವಯಸ್ಸನ್ನು ದಿನಗಳಲ್ಲಿ ಎಣಿಸಿದರೆ ತಪ್ಪುತ್ತೇವೆ. ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ಇದಕ್ಕೆ ಪ್ರತ್ಯೇಕ ಪದ ಸೇರಿಸಬೇಕು: ಜಗ್ಗಿನ ಒಂದು ಪಾಲು ಕಾಲಕ್ಕೆ, ಇನ್ನೊಂದು ಪಾಲು ತೇವದ ಏರಿಳಿತದ ಮೊತ್ತಕ್ಕೆ. ಮೊದಲು ನೀರು ತೊಲೆಯೊಳಗೆ ಹೇಗೆ ಹರಡುತ್ತದೆಂದು ಅದೇ ತುಂಡುಗಳ ಮೇಲೆ ಬಿಡಿಸಿ, ಆಮೇಲೆ ಬಾಗು ಬಿಡಿಸಬೇಕು.

ನನಗೊಂದು ಊಹೆಯಿದೆ, ಊಹೆಯೆಂದೇ ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಒಲೆಯ ಹೊಗೆ ವರ್ಷವಿಡೀ ಅಟ್ಟಕ್ಕೆ ತಾಗುತ್ತಿತ್ತು. ಹುಳ ಹಿಡಿಯದಿರಲಿ ಎಂದು ಹಿರಿಯರು ಅದನ್ನು ಬಯಸುತ್ತಿದ್ದರು. ಆ ಶಾಖ ಮಳೆಗಾಲದಲ್ಲೂ ತೊಲೆಯನ್ನು ಒಣಗಿಸಿಟ್ಟು ತೇವದ ಏರಿಳಿತ ತಗ್ಗಿಸುತ್ತಿದ್ದಿರಬೇಕು. ಗ್ಯಾಸ್ ಒಲೆ ಬಂದ ಮೇಲೆ ಅಡುಗೆ ಮಾಡುವವರ ಕಣ್ಣು, ಶ್ವಾಸ ಉಳಿಯಿತು, ಅದು ದೊಡ್ಡ ಲಾಭ. ಆದರೆ ಅಂಥ ಅಟ್ಟದಲ್ಲಿ ಹಿಂದಿನಷ್ಟೇ ಅಡಿಕೆ ತುಂಬುವವರು ತೊಲೆಯ ಕೆಳಗೆ ಒಮ್ಮೆ ನಿಂತು ನೋಡಬೇಕು. ನಡುವಿಗೆ ಒಂದು ಕಂಬ ಕೊಟ್ಟರೆ ಸ್ಪ್ಯಾನ್ ಅರ್ಧವಾಗುತ್ತದೆ.

ಈ ಊಹೆ ಸರಿಯೋ ತಪ್ಪೋ ತಿಳಿಯಲು ಅಳತೆ ಬೇಕು. ನಮ್ಮ ಹೆಬ್ಬಲಸು, ನಮ್ಮ ಕಿರಾಲುಬೋಗಿ, ನಮ್ಮ ಮಳೆ. ಬೇರೆ ದೇಶದ ಪೈನ್ ಮರದ ಅಂಕಗಳನ್ನು ತಂದು ಇಲ್ಲಿ ತುಂಬಿದರೆ ಮಾದರಿ ಎಷ್ಟು ಚೆಂದವಿದ್ದರೂ ಉತ್ತರ ಬೇರೆಯವರದ್ದು. ಅದಕ್ಕೆ ದುಬಾರಿ ಯಂತ್ರ ಬೇಡ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ತೊಲೆ ಆರಿಸಿಕೊಳ್ಳಿ. ತೊಲೆಯ ಎರಡು ತುದಿಗೆ ಮೊಳೆ ಹೊಡೆದು ತೆಳು ತಂತಿಯನ್ನು ಬಿಗಿಯಾಗಿ ಎಳೆಯಿರಿ. ನಡುವಿನಲ್ಲಿ ತಂತಿಗೂ ತೊಲೆಗೂ ಇರುವ ದೂರವನ್ನು ಪತ್ತನಾಜೆಯ ದಿನ ಒಮ್ಮೆ, ದೀಪಾವಳಿಯ ದಿನ ಒಮ್ಮೆ ಮಿಲಿಮೀಟರಿನಲ್ಲಿ ಬರೆದಿಡಿ. ಅಟ್ಟದಲ್ಲಿ ಎಷ್ಟು ಚೀಲ ಇತ್ತೆಂದೂ, ಮರ ಯಾವುದೆಂದೂ ಬರೆಯಿರಿ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಿಂದ ಐವತ್ತು ತೊಲೆಗಳ ಹತ್ತು ವರ್ಷದ ಪುಸ್ತಕ ಒಂದು ಕಾಲೇಜಿನಲ್ಲಿ ಇದ್ದರೆ ಮುಂದಿನವರು ಆ ಅಂಕಗಳ ಮೇಲೆ ಮಾದರಿ ಕಟ್ಟುತ್ತಾರೆ. ಅಜ್ಜನ ಮನೆಯ ನಡುವಿನ ತೊಲೆಯ ಅಳತೆಯನ್ನು ಮೊದಲನೆಯದಾಗಿ ನಾನು ಬರೆಸುತ್ತೇನೆ. ಎರಡನೆಯದನ್ನು ನೀವು ತನ್ನಿ.